ಸಂಚಕಾರ ಕೊಟ್ಟಾಯ್ತು, ಮಾರುವವರು ಖರೀದಿಗೆ ಬರ್ತಿಲ್ಲ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಬೆಳಗಾವಿ ಕಡೆ ಮನೆ ಖರೀದಿಯಲ್ಲಿ ಸಿಕ್ಕಿಬಿದ್ದವರು ನನಗೆ ಫೋನ್ ಮಾಡುವುದು ಕರಾರಿನ ತಾರೀಖು ಮುಗಿದು ಏಳೆಂಟು ತಿಂಗಳಾದ ಮೇಲೆ. "ಮಂದಿ ಬಾಳ ಒಳ್ಳೇವ್ರದಾರ್ರಿ, ಇವತ್ತ ನಾಳೆ ಅಂತಾರ, ಆದ್ರ ಖರೀದಿ ಕೊಡವಲ್ರು" ಅನ್ನುತ್ತಾರೆ. ಖರೀದಿ ಕೊಡುವುದು ಅಂದರೆ ಖರೀದಿಪತ್ರ ನೋಂದಣಿ ಮಾಡಿಕೊಡುವುದು. ಕೇಳುತ್ತಾ ಹೋದರೆ ಎಲ್ಲರದ್ದೂ ಒಂದೇ ಕಥೆ. ಮೊದಲು ತಾರೀಖನ್ನು ಸುಮ್ನೆ ದಾಟಲು ಬಿಟ್ಟಿರುತ್ತಾರೆ. ಆಮೇಲೆ "ಸ್ವಲ್ಪ ಅಡಚಣಿ ಐತಿ" ಅಂದಾಗ ಇನ್ನೆರಡು ಲಕ್ಷ ಕೊಟ್ಟಿರುತ್ತಾರೆ. ಕೊನೆಗೆ ಸಿಟ್ಟು ಬಂದು ವಕೀಲರ ಹತ್ತಿರ ಓಡುತ್ತಾರೆ. ಆಗ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ನಾನೂ ಈ ತಪ್ಪು ಮಾಡಿದವನೇ. ಬೆಳಗಾವಿಯ ಅನಗೋಳದಲ್ಲಿ 38 ಲಕ್ಷಕ್ಕೆ ಒಂದು ಮನೆ ಮಾತಾಡಿ, 2025ರ ಮಾರ್ಚ್‌ನಲ್ಲಿ 4 ಲಕ್ಷ ಸಂಚಕಾರ, ಅಂದರೆ ಮುಂಗಡ, ಕೊಟ್ಟೆ. ಖರೀದಿಗೆ ಕೊನೆಯ ದಿನ ಜೂನ್ 30. ಖರೀದಿ ಆಗಿದ್ದು ಮುಂದಿನ ಫೆಬ್ರವರಿಯಲ್ಲಿ. ಕೆಳಗಿನ ಕ್ರಮದ ಅರ್ಧ ಆ ತಿಂಗಳುಗಳಲ್ಲಿ ಕಲಿತದ್ದು.

ಇದು ಒಬ್ಬ ಮಾಲೀಕರಿಂದ ನೇರವಾಗಿ ಕೊಳ್ಳುವ ಹಳೇ ಮನೆ ಅಥವಾ ಫ್ಲ್ಯಾಟಿನ ಮಾತು. ಬಿಲ್ಡರ್ ಕಡೆಯಿಂದ ಹೊಸ ಫ್ಲ್ಯಾಟ್ ಆದರೆ ದಾರಿಯೇ ಬೇರೆ. ರೇರಾದಲ್ಲಿ (ಬಿಲ್ಡರ್‌ಗಳ ಯೋಜನೆ ನೋಡಿಕೊಳ್ಳುವ ಪ್ರಾಧಿಕಾರ) ನೋಂದಣಿಯಾದ ಯೋಜನೆಯಾಗಿದ್ದು ಬಿಲ್ಡರ್ ತಡ ಮಾಡಿದರೆ, 2016ರ ಆ ಕಾಯ್ದೆಯ 18ನೇ ಕಲಂ ಪ್ರಕಾರ ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಬಹುದು. ಇಲ್ಲವೇ ಮನೆ ಇಟ್ಟುಕೊಂಡು ತಡವಾದ ತಿಂಗಳುಗಳಿಗೆ ಬಡ್ಡಿ ಕೇಳಬಹುದು. ಸ್ವಂತ ಮನೆ ಮಾರುವ ವ್ಯಕ್ತಿಯ ಮೇಲೆ ರೇರಾಗೆ ದೂರು ಕೊಟ್ಟರೆ ಅದು ನಡೆಯುವುದಿಲ್ಲ. ಅಲ್ಲಿ ಸಮಯ ಕಳೆಯಬೇಡಿ.

## ಶುರು ಮಾಡುವ ಮುಂಚೆ ಒಂದು ಫೈಲು

ಕರಾರಿನ ಪ್ರತಿ, ಕೊಟ್ಟ ದುಡ್ಡಿನ ಬ್ಯಾಂಕ್ ಸ್ಟೇಟ್‌ಮೆಂಟು, ಸಿಟಿ ಸರ್ವೆಯ ಉತಾರ ಅಂದರೆ ಪ್ರಾಪರ್ಟಿ ಕಾರ್ಡ್, ಇ-ಖಾತಾ (ಪಾಲಿಕೆಯ ಡಿಜಿಟಲ್ ಖಾತಾ), ಬ್ಯಾಂಕಿನ ಸಾಲ ಮಂಜೂರಾತಿ ಪತ್ರ. ಇವಿಷ್ಟನ್ನು ಒಂದೇ ಕಡೆ ಇಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಹೊಸ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ಸಂಚಕಾರ ಕೊಡುವಾಗ ತೆಗೆಸಿದ ಹಳೇದು ಸಾಲದು. ನೀವು ಕಾಯುತ್ತಿರುವಾಗಲೇ ಅದೇ ಮನೆಯ ಮೇಲೆ ಇನ್ನೊಂದು ಅಡಮಾನವೋ ಕರಾರೋ ಬಿದ್ದಿದೆಯಾ ಅಂತ ತಿಳಿಯುವುದು ಹೊಸದರಲ್ಲಿ.

ಜೊತೆಗೆ ಒಂದು ಡೈರಿ ಇಡಿ. ಯಾವ ದಿನ ಫೋನ್ ಮಾಡಿದಿರಿ, ಅವರು ಏನಂದರು, ಎರಡೇ ಸಾಲು. ಮೂರು ತಿಂಗಳ ನಂತರ ಅದನ್ನು ಓದಿದರೆ ಒಂದೇ ಕಾರಣ ಮೂರು ಸಲ ಬಣ್ಣ ಬದಲಿಸಿದ್ದು ಗೊತ್ತಾಗುತ್ತದೆ.

## ಹಂತ 1: ಕರಾರನ್ನು ಪೆನ್ನು ಹಿಡಿದು ಓದಿ

ಮೂರು ಜಾಗಕ್ಕೆ ಗೆರೆ ಹಾಕಿ. ಖರೀದಿಗೆ ಕೊನೆಯ ದಿನ ಯಾವುದು? ಅಷ್ಟರೊಳಗೆ ಯಾವ ಕಾಗದ ತರುವುದು ಯಾರ ಕೆಲಸ? ತಪ್ಪಿದರೆ ಏನು?

ಮನೆ ಜಾಗದ ವ್ಯವಹಾರದಲ್ಲಿ ತಾರೀಖು ದಾಟಿದ ಮಾತ್ರಕ್ಕೆ ಕರಾರು ಸಾಯುವುದಿಲ್ಲ. ಹಾಗಂತ ಆರಾಮವಾಗಿ ಕೂರುವ ಹಾಗೂ ಇಲ್ಲ. ಕರಾರಿನಲ್ಲಿ ಕೊನೆಯ ದಿನ ಬರೆದಿದ್ದರೆ, ಕೋರ್ಟಿನಲ್ಲಿ "ಖರೀದಿ ಮಾಡಿಕೊಡಿಸಿ" ಅಂತ ದಾವೆ ಹಾಕಲು ಆ ದಿನದಿಂದ 3 ವರ್ಷ ಸಮಯ. ದಿನ ಬರೆದಿಲ್ಲದಿದ್ದರೆ, ಅವರು ಕೊಡುವುದಿಲ್ಲ ಅಂದದ್ದು ನಿಮಗೆ ತಿಳಿದ ದಿನದಿಂದ 3 ವರ್ಷ. ಈ ಕೊನೆಯ ದಿನವನ್ನು ಫೈಲಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆಯಿರಿ. ನಂಬಿಕೆ, ಬೀಗತನ, ಊರಿನ ಹಿರಿಯರ ಮಾತು ಅಂತ ಈ 3 ವರ್ಷವನ್ನು ಪೂರ್ತಿ ತಿಂದವರನ್ನು ನೋಡಿದ್ದೇನೆ.

ಇನ್ನೊಂದು ಮಾತು. ಕರಾರಿನಲ್ಲಿ ಎಲ್ಲಾದರೂ "ಸ್ವಾಧೀನ ಕೊಟ್ಟಿದೆ" ಅಂತ ಬರೆದಿದ್ದಾರಾ ನೋಡಿ. ಸ್ವಾಧೀನ ಕೊಟ್ಟ ಕರಾರಿಗೆ ಖರೀದಿಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಅದನ್ನು ಕಡಿಮೆ ಬೆಲೆಯ ಬಾಂಡ್ ಪೇಪರ್ ಮೇಲೆ ಬರೆಸಿದ್ದರೆ, ಕೋರ್ಟಿಗೆ ಹಾಜರುಪಡಿಸುವಾಗ ಕಡಿಮೆ ಬಿದ್ದ ಶುಲ್ಕ ಮತ್ತು ಅದರ 10 ಪಟ್ಟು ದಂಡ ಕಟ್ಟಬೇಕಾಗುತ್ತದೆ. "ಖರೀದಿ ಆಮ್ಯಾಲ ಮಾಡೂಣ, ಕೀಲಿ ತಗೊಂಡು ಇರಾಕ ಬರ್ರಿ" ಅನ್ನುವ ಮಾತಿಗೆ ಮರುಳಾಗಬೇಡಿ. ಒಳಗೆ ಹೋಗಿ ಫರ್ಸಿ ಹಾಕಿಸಿ, ಬಣ್ಣ ಹೊಡೆಸಿದ ಮೇಲೆ ನಿಮ್ಮ ಜುಟ್ಟು ಅವರ ಕೈಯಲ್ಲಿ.

## ಹಂತ 2: ತಡಕ್ಕೆ ನಿಜವಾದ ಕಾರಣ ಹುಡುಕಿ

ಹೆಚ್ಚಿನವರು ಎಡವುವುದು ಇಲ್ಲೇ. ಮಾರುವವರು ಹೇಳುವ ಕಾರಣಕ್ಕೆ ಉತ್ತರ ಕೊಡುತ್ತಾ ಕೂರುತ್ತಾರೆ, ನಿಜವಾದ ಕಾರಣ ಬೇರೆಯೇ ಇರುತ್ತದೆ.

ನನಗೆ ಮೊದಲು ಹೇಳಿದ್ದು "ಆಷಾಢ ಸುರು ಆತು, ಶ್ರಾವಣದಾಗ ಮಾಡೂಣ" ಅಂತ. ಸರಿ ಅಂದೆ. ಜೂನ್ 30 ಹಾಗೇ ದಾಟಿತು. ಶ್ರಾವಣ ಬಂದಾಗ "ಗಣಪತಿ ಆಗ್ಲಿ" ಅಂದರು. ಗಣಪತಿ ಮುಗಿದರೆ ಪಿತೃಪಕ್ಷ ಅಂತ ಲೆಕ್ಕ ನನಗೂ ಬರುತ್ತಿತ್ತು. ಆಗಸ್ಟ್‌ನಲ್ಲಿ ಒಂದು ಸಂಜೆ ಅವರ ಮನೆಗೇ ಹೋದೆ. ಚಹಾ ಬಂತು. ಟಿವಿ ಪಕ್ಕ ಅವರ ಮಗನ ಹಳೇ ಲಗ್ನಪತ್ರಿಕೆ ನಿಂತಿತ್ತು, ಅಂಚಿಗೆ ಅರಿಶಿನ ಹಚ್ಚಿದ್ದು. ಸುಮ್ನೆ ಕೈಗೆ ತೆಗೆದುಕೊಂಡು ಓದಿದೆ. ಕೆಳಗೆ ಆಪ್ತರ ಸಾಲಿನಲ್ಲಿ "ಸೋದರತ್ತೆ, ಸಾಂಗಲಿ" ಅಂತ ಇತ್ತು. ಕರಾರು ಬರೆಯುವಾಗ ಅವರು ಹೇಳಿದ್ದು "ನಾವು ಇಬ್ರ ಅಣ್ಣತಮ್ಮಂದಿರು" ಅಂತ. ಮನೆ ತೀರಿಕೊಂಡ ತಂದೆಯದ್ದು. ಅಕ್ಕನನ್ನು ಯಾರೂ ಕೇಳಿಯೇ ಇರಲಿಲ್ಲ.

ನಮ್ಮ ಕಡೆ ತಡಕ್ಕೆ ಮೊದಲ ಕಾರಣ ಇದೇ: ಸಹಿ ಮಾಡಬೇಕಾದ ಅಕ್ಕತಂಗಿ. ತಂದೆ ಸ್ವಂತ ದುಡಿದು ಕಟ್ಟಿದ ಮನೆಯಾಗಿದ್ದು, ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೆ ಹಿಂದೂ ಕುಟುಂಬದಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲೂ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಉತಾರದಲ್ಲಿ ಹೆಸರಿಲ್ಲ ಅಂದರೆ ಪಾಲಿಲ್ಲ ಅಂತ ಅರ್ಥ ಅಲ್ಲ. ಹಾಗಾಗಿ ವಂಶಾವಳಿ ಕೇಳಿ, ಅದರಲ್ಲಿರುವ ಎಲ್ಲರೂ ಖರೀದಿಪತ್ರಕ್ಕೆ ಸಹಿ ಹಾಕಬೇಕು ಅಂತ ಹಟ ಹಿಡಿಯಿರಿ. ಇಲ್ಲವೇ ಪಾಲು ಬಿಟ್ಟವರಿಂದ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಮೊದಲೇ ಆಗಬೇಕು. ನಮ್ಮ ಹೆಣ್ಣುಮಕ್ಕಳನ್ನು ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರಕ್ಕೆ ಕೊಟ್ಟಿರುವುದು ಜಾಸ್ತಿ. ಅವರು ಬರಲು ಆಗದಿದ್ದರೆ ತಾವಿರುವ ಊರಿನ ಸಬ್ ರಿಜಿಸ್ಟ್ರಾರ್ ಮುಂದೆಯೇ ಮುಖ್ತಿಯಾರಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ ಕಳಿಸಬಹುದು. ಬರೀ ನೋಟರಿ ಮುದ್ರೆ ಇರುವ ಕಾಗದ ತಂದರೆ ಇಲ್ಲಿ ನೋಂದಣಿ ನಿಂತುಬಿಡುತ್ತದೆ.

ಎರಡನೆಯದು ಬೋಜಾ. ಮನೆ ಮೇಲೆ ಸಾಲ ಇದೆ, ತೀರಿಸಲು ಅವರ ಹತ್ತಿರ ದುಡ್ಡಿಲ್ಲ, ನಿಮ್ಮ ದುಡ್ಡು ಬಂದರೆ ತಾನೇ ತೀರುವುದು. ಇದನ್ನು ಹೇಳಿಕೊಳ್ಳಲು ನಾಚಿಕೆ, ಅದಕ್ಕೇ ಅಮಾವಾಸ್ಯೆಯ ನೆಪ. ಸಾಲ ಬಾಕಿಯ ಪತ್ರವನ್ನು ಬ್ಯಾಂಕಿನಿಂದ ತರಿಸಿ, ನಿಮ್ಮ ದುಡ್ಡನ್ನು ನೇರ ಆ ಸಾಲದ ಖಾತೆಗೇ ಕಟ್ಟುವ ಏರ್ಪಾಡು ಮಾಡಿಕೊಳ್ಳಿ. "ಸಾಲ ಮುಗಿದೈತಿ, ಬ್ಯಾಂಕಿನವ್ರು ಪತ್ರ ಕೊಡವಲ್ರು" ಅಂದರೆ ಹೀಗೆ ಹೇಳಿ: ರಿಸರ್ವ್ ಬ್ಯಾಂಕ್ ನಿಯಮದಂತೆ 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಆದರೆ ಸಾಲ ಸೌಹಾರ್ದ ಸಹಕಾರಿ ಸಂಘದ್ದೋ ಪತ್ತಿನ ಸಂಘದ್ದೋ ಆಗಿದ್ದರೆ ಈ ನಿಯಮ ನಡೆಯುವುದಿಲ್ಲ. ನಮ್ಮ ಕಡೆ ಅಂಥ ಸಾಲವೇ ಜಾಸ್ತಿ, ಅಲ್ವಾ? ಅಲ್ಲಿ ಅಧ್ಯಕ್ಷರ ಮನೆ ಬಾಗಿಲಿಗೆ ಮಾರುವವರನ್ನೇ ಕರೆದುಕೊಂಡು ಹೋಗಿ ಕೂರುವುದು ವೇಗದ ದಾರಿ.

ಮೂರನೆಯದು ಖಾತಾ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತಾ ಬೇಕೇ ಬೇಕು. ಪಂಚಾಯಿತಿ ಹದ್ದಿನಲ್ಲಾದರೆ ಇ-ಸ್ವತ್ತಿನ ನಮೂನೆ ಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪು, ಅಳತೆ ವ್ಯತ್ಯಾಸ, ಹಳೇ ತೆರಿಗೆ ಬಾಕಿ, ಇಷ್ಟಕ್ಕೇ ವಾರಗಟ್ಟಲೆ ನಿಲ್ಲುತ್ತದೆ. ಇಲ್ಲಿ ಮಾರುವವರನ್ನು ಬೈದು ಉಪಯೋಗ ಇಲ್ಲ. ಅರ್ಜಿ ಹಾಕಿದ ಸ್ವೀಕೃತಿ ಸಂಖ್ಯೆ ಕೇಳಿ. ಅದು ಇದ್ದರೆ ತಡ ನಿಜ, ಇಲ್ಲದಿದ್ದರೆ ಅರ್ಜಿಯನ್ನೇ ಹಾಕಿಲ್ಲ. ಬಾಗಲಕೋಟೆಯ ನವನಗರದಲ್ಲಿ ಕೊಳ್ಳುವವರು ಇನ್ನೊಂದು ಕೆಲಸ ಮಾಡಿ. ಆ ಊರು ಆಲಮಟ್ಟಿ ಹಿನ್ನೀರಿನ ಸಂತ್ರಸ್ತರಿಗಾಗಿ ಕಟ್ಟಿದ್ದು. ನಿವೇಶನ ಮೊದಲು ಯಾರ ಹೆಸರಿಗೆ ಹಂಚಿಕೆಯಾಗಿತ್ತು, ಅಲ್ಲಿಂದ ಮಾರುವವರ ಹೆಸರಿಗೆ ಹೇಗೆ ಬಂತು ಎನ್ನುವ ಕೊಂಡಿ ತಪ್ಪಿದೆಯಾ ಅಂತ ಬಿಟಿಡಿಎ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ನೋಡಿಸಿ.

ನಾಲ್ಕನೆಯದು ಪಾಪದ ಕಾರಣ. ಅವರು ಕಟ್ಟಿಸುತ್ತಿರುವ ಮನೆ ಮುಗಿದಿಲ್ಲ, ಹೋಗಲು ಜಾಗ ಇಲ್ಲ. ಇದಕ್ಕೆ ಪರಿಹಾರ ಸುಲಭ. ಖರೀದಿ ಈಗಲೇ ಮಾಡಿಕೊಂಡು, ಎರಡು ಮೂರು ತಿಂಗಳು ಬಾಡಿಗೆ ಕರಾರಿನ ಮೇಲೆ ಅವರನ್ನೇ ಇರಲು ಬಿಡಿ.

ಐದನೆಯದು ಕೆಟ್ಟದ್ದು: ಜಾಸ್ತಿ ಬೆಲೆ ಕೊಡುವವರು ಸಿಕ್ಕಿದ್ದಾರೆ. ಇದರ ಗುರುತುಗಳು ಬೇರೆ. ಫೋನ್ ಎತ್ತುವುದು ಕಡಿಮೆಯಾಗುತ್ತದೆ. "ಈಗ ಆ ಏರಿಯಾದಾಗ ರೇಟ್ ಏನೈತಿ ಗೊತ್ತೇನು" ಎಂಬ ಮಾತು ಬರುತ್ತದೆ. ಯಾರೋ ಹೊಸಬರು ಮನೆ ಅಳತೆ ತೆಗೆದದ್ದನ್ನು ಪಕ್ಕದ ಮನೆಯವರು ಹೇಳುತ್ತಾರೆ. "ನಿಮ್ಮ ಸಂಚಕಾರ ವಾಪಸ್ ತಗೊಂಡಬಿಡ್ರಿ" ಅಂತ ತಾವಾಗಿಯೇ ಅಂದರೆ ಅನುಮಾನವೇ ಬೇಡ. ಆಗ 3, 4, 5ನೇ ಹಂತಗಳನ್ನು ಕಾಯದೆ ನೇರ 6ಕ್ಕೆ ಹೋಗಿ.

## ಹಂತ 3: ತಾರೀಖು ದಾಟುವ ಮುಂಚೆ ಬರಹದಲ್ಲಿ ಕೇಳಿ

ಕೊನೆಯ ದಿನಕ್ಕೆ ಮೂರು ವಾರ ಇರುವಾಗ ಒಂದು ವಾಟ್ಸಾಪ್ ಸಂದೇಶ, ಅದರದ್ದೇ ಒಂದು ಪ್ರತಿ ಅಂಚೆಯಲ್ಲಿ. ಮೆತ್ತಗೆ ಬರೆಯಿರಿ, ಬೈಗುಳ ಬೇಡ. ಹೀಗಿದ್ದರೆ ಸಾಕು:

"ನಮಸ್ಕಾರ. ಇಂಥ ದಿನದ ಕರಾರಿನಂತೆ ಖರೀದಿಗೆ ಇಂಥ ತಾರೀಖು ಕೊನೆ. ಬಾಕಿ ಹಣ ಸಿದ್ಧವಿದೆ, ಸಾಲ ಮಂಜೂರಾಗಿದೆ. ಇ-ಖಾತಾ ಮತ್ತು ಬೋಜಾ ಕಡಿಮೆಯಾದ ಪತ್ರ ತಮ್ಮಿಂದ ಬರಬೇಕು. ಯಾವ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರುತ್ತೀರಿ ಅಂತ ತಿಳಿಸಿ."

ಇದರಲ್ಲಿ "ಬಾಕಿ ಹಣ ಸಿದ್ಧವಿದೆ" ಅನ್ನುವ ಮಾತೇ ಮುಖ್ಯ. ಅದು ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗುತ್ತದೆ. ಅವರು ಫೋನಿನಲ್ಲಿ ಉತ್ತರ ಕೊಟ್ಟರೆ, ಮಾತು ಮುಗಿದ ಕೂಡಲೇ "ಈಗ ನೀವು ಹೇಳಿದಂತೆ ಮುಂದಿನ ತಿಂಗಳ 10ಕ್ಕೆ ಬರುತ್ತೀರಿ, ಸರಿ ತಾನೇ?" ಅಂತ ವಾಟ್ಸಾಪಿನಲ್ಲಿ ಹಾಕಿ. ಅವರು ಒಂದು ಕೈಮುಗಿದ ಚಿತ್ರ ಒತ್ತಿದರೂ ಏನೂ ಇಲ್ಲದ್ದಕ್ಕಿಂತ ಮೇಲು.

## ಹಂತ 4: ಸಮಯ ಕೊಡುವುದಾದರೆ ಪುರವಣಿ ಕರಾರು ಬರೆಸಿ

ಬಾಯಿಮಾತಿನಲ್ಲಿ ಸಮಯ ಕೊಡಬೇಡಿ. ಕಾರಣ ನಿಜ ಅನ್ನಿಸಿದರೆ ಒಂದೆರಡು ಪುಟದ ಪುರವಣಿ ಕರಾರು ಬರೆಸಿ. ಹೊಸ ಕೊನೆಯ ದಿನ, ತಡ ಯಾರಿಂದ ಆಯಿತು, ಯಾವ ಕಾಗದ ಯಾವ ದಿನಕ್ಕೆ ಬರಬೇಕು, ಬೆಲೆ ಬದಲಾಗಿಲ್ಲ, ಇಷ್ಟೂ ಅದರಲ್ಲಿರಲಿ. ಸಹಿ ಎಲ್ಲ ಮಾಲೀಕರದ್ದೂ ಬೇಕು. ಅಣ್ಣ ಹಾಕಿದ ಸಹಿ ತಮ್ಮನನ್ನು ಕಟ್ಟುವುದಿಲ್ಲ. ಮೊದಲ ಕರಾರು ನೋಂದಣಿ ಆಗಿರದಿದ್ದರೆ ಈಗಲಾದರೂ ಮಾಡಿಸಿ. ನೋಂದಣಿಯಾದ ಕರಾರು ಇಸಿಯಲ್ಲಿ ಕಾಣುತ್ತದೆ, ಇನ್ನೊಬ್ಬ ಗಿರಾಕಿಯ ವಕೀಲರು ಅದನ್ನು ನೋಡಿದ ಕೂಡಲೇ ಹಿಂದೆ ಸರಿಯುತ್ತಾರೆ.

ತಡದ ಖರ್ಚು ಯಾರದ್ದು ಅಂತಲೂ ಬರೆಸಿ. ನಾನು ಆಗಸ್ಟ್ ಮಧ್ಯದಲ್ಲಿ, ಡಿಸೆಂಬರ್ 31ರವರೆಗೆ ಸಮಯ ಕೊಟ್ಟು ಬರೆಸಿದ ಪುರವಣಿಯಲ್ಲಿ "ಈ ಅವಧಿಯಲ್ಲಿ ಸರ್ಕಾರಿ ಶುಲ್ಕ ಏರಿದರೆ ಏರಿಕೆಯ ಅರ್ಧ ಮಾರುವವರದ್ದು" ಅಂತ ಒಂದು ಸಾಲು ಸೇರಿಸಿದ್ದೆ. ಬರಹಗಾರರು "ಇದೆಲ್ಲ ಯಾಕ್ ಬೇಕ್ರಿ" ಅಂತ ನಕ್ಕರು. ಎರಡೇ ವಾರಕ್ಕೆ, ಆಗಸ್ಟ್ 31ರಿಂದ, ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. 38 ಲಕ್ಷಕ್ಕೆ 38,000 ರೂಪಾಯಿ ಹೊಸ ಹೊರೆ. ಅದರಲ್ಲಿ 19,000 ಅವರ ಪಾಲಿಗೆ ಹೋಯಿತು.

ಈ ಹಂತದಲ್ಲಿ ಹೆಚ್ಚುವರಿ ದುಡ್ಡು ಕೊಡಬೇಡಿ. ಸಂಚಕಾರ ಜಾಸ್ತಿಯಾದಷ್ಟೂ ಅವರ ಅವಸರ ಕಡಿಮೆಯಾಗುತ್ತದೆ. ಕೊಡಲೇಬೇಕಾದರೆ ಅವರ ಕೈಗಲ್ಲ, ಸಾಲದ ಖಾತೆಗೋ ತೆರಿಗೆ ಬಾಕಿಗೋ ನೇರ ಕಟ್ಟಿ. ನಗದಂತೂ ಬೇಡವೇ ಬೇಡ. ಮನೆ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯ ಅಡ್ಡಿ ಇದೆ. ನಾಳೆ "ಕೊಟ್ಟಿಲ್ಲ" ಅಂದರೆ ಸಾಕ್ಷಿಯೂ ಇರುವುದಿಲ್ಲ.

## ಹಂತ 5: ನಿಮ್ಮ ಕಡೆ ತಪ್ಪು ಸಿಗದ ಹಾಗೆ ಇರಿ

ಕೋರ್ಟಿಗೆ ಹೋದರೆ ಅವರ ವಕೀಲರು ಮೊದಲು ಕೇಳುವುದು "ಇವರ ಹತ್ತಿರ ದುಡ್ಡು ಎಲ್ಲಿತ್ತು?" ಅಂತ. ಕರಾರಿನ ದಿನದಿಂದ ಕೊನೆಯವರೆಗೂ ನೀವು ಖರೀದಿಗೆ ಸಿದ್ಧರಿದ್ದಿರಿ, ಮನಸ್ಸೂ ಇತ್ತು ಅಂತ ತೋರಿಸುವ ಹೊಣೆ ನಿಮ್ಮದು. ತಡ ಅವರದ್ದೇ ಆಗಿದ್ದರೂ ಇದು ತಪ್ಪಿದ್ದಲ್ಲ.

ಬ್ಯಾಂಕಿನ ಮಂಜೂರಾತಿ ಪತ್ರ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಮುಗಿಯುವ ಮುಂಚೆ ಬರೆದುಕೊಟ್ಟು ಮುಂದುವರಿಸಿಕೊಳ್ಳಿ, ಆ ಪತ್ರವೂ ಫೈಲಿಗೆ ಹೋಗಲಿ. ಕೈಯಲ್ಲಿರುವ ಪಾಲನ್ನು ಮುರಿದು ಮದುವೆಗೋ ಬೋರ್‌ವೆಲ್ಲಿಗೋ ಹಾಕಬೇಡಿ. ಈಗಿರುವ ಬಾಡಿಗೆ ಮನೆಗೆ ಬಿಡುವ ಮಾತು ಹೇಳುವುದು, ಗೃಹಪ್ರವೇಶಕ್ಕೆ ಭಟ್ಟರನ್ನು ಗೊತ್ತು ಮಾಡುವುದು ಎರಡೂ ನೋಂದಣಿಯ ನಂತರ. ಮುಂಚೆ ಮಾಡಿದರೆ ನಿಮ್ಮ ಅವಸರ ಊರಿಗೆಲ್ಲ ಗೊತ್ತಾಗಿ, ಬೆಲೆ ಏರಿಸಲು ಅದೇ ದಾರಿಯಾಗುತ್ತದೆ.

## ಹಂತ 6: ನೋಟಿಸು, ಆಮೇಲೆ ಕಚೇರಿಯಲ್ಲಿ ಹಾಜರಿ

ಪುರವಣಿಯ ದಿನವೂ ದಾಟಿತಾ? ಈಗ ವಕೀಲರ ನೋಟಿಸು. ಎಲ್ಲ ಮಾಲೀಕರಿಗೂ ಬೇರೆ ಬೇರೆಯಾಗಿ ಹೋಗಬೇಕು. ಮೊದಲಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಹಾಗಾಗಿ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಜೊತೆ ನೋಂದಣಿ ಸೇವೆ ಮತ್ತು ಮುಟ್ಟಿದ ಪುರಾವೆ ಎರಡನ್ನೂ ಬಾಯಿಬಿಟ್ಟು ಕೇಳಿ. ನೋಟಿಸು ತೆಗೆದುಕೊಳ್ಳದೆ ವಾಪಸ್ ಬಂದರೆ ಆ ಲಕೋಟೆಯನ್ನು ಒಡೆಯದೆ ಹಾಗೇ ಇಡಿ.

ನೋಟಿಸಿನಲ್ಲಿ ಬರೀ "15 ದಿನದೊಳಗೆ ಖರೀದಿ ಕೊಡಿ" ಅಂದರೆ ಸಾಲದು. "ಇಂಥ ದಿನ ಬೆಳಿಗ್ಗೆ 11ಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬಾಕಿ ಹಣದೊಂದಿಗೆ ಕಾಯುತ್ತೇನೆ" ಅಂತ ಬರೆಸಿ. ಕಾವೇರಿಯಲ್ಲಿ ಕರಡು ಹಾಕಿ ಅರ್ಜಿ ಸಂಖ್ಯೆ ತೆಗೆದಿಡಿ. ಆ ದಿನ ನಿಜವಾಗಿ ಹೋಗಿ, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು, ಡಿಡಿಯ ಪ್ರತಿ ಅಥವಾ ಬ್ಯಾಂಕಿನ ಪತ್ರ ಹಿಡಿದು. ಅವರು ಬರದಿದ್ದರೆ ಅದೇ ಸಂಜೆ ಇನ್ನೊಂದು ಪತ್ರ: "ನಾನು ಬಂದಿದ್ದೆ, ನೀವು ಬರಲಿಲ್ಲ."

ಇನ್ನೊಬ್ಬರಿಗೆ ಮಾರುವ ವಾಸನೆ ಬಂದರೆ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿ. ಬೆಳಗಾವಿಯಲ್ಲಾದರೆ ಒಂದು ಕನ್ನಡ, ಒಂದು ಮರಾಠಿ ಪತ್ರಿಕೆ ಎರಡರಲ್ಲೂ. ಒಂದೇ ಭಾಷೆಯಲ್ಲಿ ಹಾಕಿದರೆ ಅರ್ಧ ಊರಿಗೆ ಮುಟ್ಟುವುದಿಲ್ಲ.

ಪೊಲೀಸ್ ಠಾಣೆಗೆ ಓಡುವುದು ಇಲ್ಲಿ ಕಾಣುವ ಸಾಮಾನ್ಯ ತಪ್ಪು. ತಡ ಮಾಡಿದ್ದು ಸಿವಿಲ್ ವಿಷಯ. ಮನೆಯೇ ಅವರದ್ದಲ್ಲ, ಮೊದಲೇ ಮಾರಿದ್ದನ್ನು ಮುಚ್ಚಿಟ್ಟು ದುಡ್ಡು ತೆಗೆದುಕೊಂಡರು ಅನ್ನುವಂಥದ್ದಿದ್ದರೆ ಮಾತು ಬೇರೆ.

ನನ್ನ ವಿಷಯದಲ್ಲಿ ಕೆಲಸ ಮಾಡಿದ್ದು ಈ ನೋಟಿಸೇ. ಜನವರಿ ಎರಡನೇ ವಾರ ಮುಟ್ಟಿತು. ಮೂರನೇ ದಿನ ತಮ್ಮನ ಫೋನ್ ಬಂತು: "ಕೋರ್ಟ್ ಗೀರ್ಟ್ ಯಾಕ್ರಿ, ಅಕ್ಕನ ಜೋಡಿ ಮಾತಾಡೇವಿ."

## ಹಂತ 7: ದಾವೆಯೋ, ದುಡ್ಡು ವಾಪಸೋ

ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿಯ ನಂತರ, ಕರಾರು ಸರಿಯಿದ್ದು ನೀವು ಸಿದ್ಧರಿದ್ದರೆ, ಖರೀದಿ ಮಾಡಿಕೊಡಿಸುವುದು ಕೋರ್ಟಿನ ಮರ್ಜಿಗೆ ಬಿಟ್ಟ ವಿಷಯವಲ್ಲ. ಕೊಳ್ಳುವವರಿಗೆ ಇದು ದೊಡ್ಡ ಬಲ. ಆದರೆ ಕೋರ್ಟ್ ಫೀ ಬೀಳುವುದು ಸಂಚಕಾರದ ಮೇಲಲ್ಲ, ಪೂರ್ತಿ ಮಾರಾಟ ಬೆಲೆಯ ಮೇಲೆ. ವರ್ಷಗಳೂ ಹಿಡಿಯುತ್ತವೆ. ಮನೆ ನಿಮಗೆ ಬೇಕೇ ಬೇಕು, ಬೆಲೆ ಬಹಳ ಏರಿದೆ, ಕಾಗದ ಗಟ್ಟಿ ಇವೆ ಅಂದರೆ ದಾವೆ ಹಾಕಿ, ಅದರ ಜೊತೆಗೇ ಬೇರೆಯವರಿಗೆ ಮಾರದಂತೆ ತಡೆಯಾಜ್ಞೆ ಕೇಳಿ. ಪಾಲುದಾರರ ಜಗಳವೇ ಬಗೆಹರಿಯದ ಮನೆಯಾದರೆ ನನ್ನ ಸಲಹೆ ದುಡ್ಡು ವಾಪಸ್ ತೆಗೆದುಕೊಂಡು ಹೊರಬನ್ನಿ. ಅಂಥ ಮನೆ ಗೆದ್ದರೂ ನೆಮ್ಮದಿ ಕಡಿಮೆ.

ದಾವೆಯಲ್ಲಿ "ಖರೀದಿ ಕೊಡಿಸಿ, ಆಗದಿದ್ದರೆ ಸಂಚಕಾರ ಬಡ್ಡಿ ಸಮೇತ ಕೊಡಿಸಿ" ಅಂತ ಎರಡನ್ನೂ ಬರೆಸಿದ್ದಾರಾ ಅಂತ ಸಹಿಗೆ ಮುಂಚೆ ಓದಿ ನೋಡಿ. ಕೇಳದ ಪರಿಹಾರವನ್ನು ಕೋರ್ಟು ತಾನಾಗಿ ಕೊಡುವುದಿಲ್ಲ. ರಾಜಿಯಲ್ಲಿ ದುಡ್ಡು ವಾಪಸ್ ಬರುವುದಾದರೆ, ಪೂರ್ತಿ ಮೊತ್ತ ಖಾತೆಗೆ ಬಿದ್ದ ಮೇಲಷ್ಟೇ ಕರಾರು ರದ್ದತಿಗೆ ಸಹಿ ಹಾಕಿ. ಮುಂದಿನ ತಾರೀಖಿನ ಚೆಕ್ಕು ಕೊಟ್ಟು ಮೂಲ ಕರಾರು ಇಸಿದುಕೊಳ್ಳುವುದು ಹಳೇ ಆಟ.

## ಹಂತ 8: ಖರೀದಿಯ ದಿನ, ಕೀಲಿಯ ದಿನ

ಅಂತೂ ದಿನ ಗೊತ್ತಾಯಿತು ಅನ್ನಿ. ಹಿಂದಿನ ಸಂಜೆ ಮತ್ತೊಮ್ಮೆ ಇಸಿ ನೋಡಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು, ಇದನ್ನು ಮೊದಲೇ ಹೇಳಿಡಿ. ಕಚೇರಿಯಲ್ಲಿ ಎದ್ದು ನಿಂತು "ಒಂದು ಪರ್ಸೆಂಟ್ ಯಾಕ ಕಮ್ಮಿ" ಅಂತ ಜಗಳ ಶುರುವಾದರೆ ಆ ದಿನವೂ ಹೋಯಿತು.

ನೋಂದಣಿಯಾದ ಮೇಲೂ ಮನೆ ಖಾಲಿ ಮಾಡದೆ ಎಳೆಯುವವರಿದ್ದಾರೆ. ಅದೇ ದಿನ ಕೀಲಿ ಸಿಗದಿದ್ದರೆ ಖಾಲಿ ಮಾಡುವ ತಾರೀಖು, ದಾಟಿದರೆ ದಿನಕ್ಕೆ ಇಷ್ಟು ಅಂತ ಬರೆದ ಪತ್ರಕ್ಕೆ ಸಹಿ ಹಾಕಿಸಿ. ಒಂದಿಷ್ಟು ದುಡ್ಡು ಕೀಲಿ ಕೈಗೆ ಬರುವವರೆಗೆ ಕೊಡುವುದಿಲ್ಲ ಅಂತ ಪುರವಣಿಯಲ್ಲೇ ಬರೆಸಿದ್ದರೆ ಇನ್ನೂ ಒಳ್ಳೆಯದು. ಹೆಸ್ಕಾಂ ಮೀಟರ್ ಮುಂದೆ ನಿಂತು ಇಬ್ಬರೂ ರೀಡಿಂಗ್ ಫೋಟೋ ತೆಗೆಯಿರಿ. ನೀರಿನ ಬಿಲ್ಲು, ಆಸ್ತಿ ತೆರಿಗೆ ರಸೀದಿ ಕೈಗೆ ತೆಗೆದುಕೊಳ್ಳಿ.

ನಮ್ಮ ಖರೀದಿಗೆ ಅಕ್ಕ ಸಾಂಗಲಿ ಪಕ್ಕದ ಮೀರಜಿನಿಂದ ರೈಲಿನಲ್ಲಿ ಬಂದರು, ಜೊತೆಗೆ ಮೊಮ್ಮಗ. ಹೊಲದ ಕೆಲಸ ಮಾಡಿ ಸವೆದ ಹೆಬ್ಬೆರಳು, ಯಂತ್ರ ನಾಲ್ಕು ಸಲ ಗುರುತು ಹಿಡಿಯಲಿಲ್ಲ. ಐದನೇ ಸಲಕ್ಕೆ ತಮ್ಮನೇ ತನ್ನ ಕರವಸ್ತ್ರದಿಂದ ಆ ಬೆರಳು ಒರೆಸಿ ಗಾಜಿನ ಮೇಲಿಟ್ಟ.